ಇಂಗ್ಲಿಷ್ ಕಲಿಯುವ ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗದಲ್ಲಿ ಭಾನುವಾರ ಸಂಜೆ ನಾನೊಂದು ಸಣ್ಣ ಇಂಗ್ಲಿಷ್ ಕ್ಲಾಸು ನಡೆಸುತ್ತೇನೆ. ಬರುವವರೆಲ್ಲ ಕನ್ನಡದವರು. ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಈಗ ಸೂಪರ್‌ವೈಸರ್ ಆದವರು, ಮದುವೆಯಾಗಿ ಡೊಂಬಿವಲಿಗೆ ಬಂದ ಹೆಣ್ಣುಮಕ್ಕಳು, ಐಟಿ ಕಂಪನಿಗೆ ಸೇರಿದ ಹುಡುಗರು. ಮುಖ ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಪ್ರತಿ ಬ್ಯಾಚಿಗೂ ಹೇಳಿ ಹೇಳಿ ಗಂಟಲು ಒಣಗಿತು. ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ನಾನೂ ಕನ್ನಡ ಮೀಡಿಯಮ್ಮಿನವನೇ. ಕುಂದಾಪುರ ಕಡೆಯ ಹಳ್ಳಿ. ಹದಿನಾರು ವರ್ಷಕ್ಕೆ ಮುಂಬಯಿಗೆ ಬಂದೆ. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ಸಂಜೆ ರಾತ್ರಿ ಶಾಲೆ. ಹಾಗಾಗಿ ಇಲ್ಲಿರುವ ತಪ್ಪುಗಳಲ್ಲಿ ಅರ್ಧಕ್ಕರ್ಧ ನನ್ನವೇ.

ಮನೆಯಲ್ಲಿ ತುಳು, ಹೊರಗೆ ಕನ್ನಡ, ಹಿಂದಿ, ಮರಾಠಿ ಎಲ್ಲ ಬರುತ್ತೆ. ಇಂಗ್ಲಿಷ್ ಒಂದೇ ಯಾಕೆ ಬರಲ್ಲ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಒಂದು ವಾಕ್ಯ ತೆಗೆದುಕೊಳ್ಳಿ. ‘ನಾನು ದಾದರಿಗೆ ಹೋಗುತ್ತೇನೆ.’ ತುಳುವಿನಲ್ಲಿ ‘ಯಾನ್ ದಾದರ್‌ಗ್ ಪೋಪೆ’. ಹಿಂದಿಯಲ್ಲಿ ‘ಮೈ ದಾದರ್ ಜಾತಾ ಹೂಂ’. ಮರಾಠಿಯಲ್ಲಿ ‘ಮೀ ದಾದರಲಾ ಜಾತೋ’. ನಾಲ್ಕರಲ್ಲೂ ಸಾಲು ಒಂದೇ, ಯಾರು, ಎಲ್ಲಿಗೆ, ಏನು ಮಾಡುವುದು. ಪದ ಬದಲಾಯಿಸಿದರೆ ಸಾಕು, ಗಾಡಿ ಅದೇ ಹಳಿಯ ಮೇಲೆ ಓಡುತ್ತದೆ. ಇಂಗ್ಲಿಷಿನಲ್ಲಿ ‘ಐ ಗೋ ಟು ದಾದರ್’. ಕೊನೆಯಲ್ಲಿ ಇರಬೇಕಾದ ಕ್ರಿಯಾಪದ ನಡುವೆ ಬಂದು ಕೂತಿತು. ದಾದರಿನ ಬೆನ್ನಿಗೆ ಅಂಟಿಕೊಂಡಿದ್ದ ‘ಗೆ’ ಕಳಚಿಕೊಂಡು, ‘ಟು’ ಅಂತ ಹೆಸರಿಟ್ಟುಕೊಂಡು ಮುಂದೆ ಹೋಗಿ ನಿಂತಿತು.

ಇದರಿಂದ ಏನಾಗುತ್ತದೆ ಗೊತ್ತಾ? ಕನ್ನಡದಲ್ಲಿ ‘ನಾನು ನಾಳೆ ಅಣ್ಣನ ಜೊತೆ ದಾದರಿಗೆ…’ ಅಂತ ಶುರು ಮಾಡಿ, ಎದುರಿಗಿರುವವರ ಮುಖ ನೋಡಿಕೊಂಡು, ಕೊನೆಯಲ್ಲಿ ‘ಹೋಗ್ತೇನೆ’ ಅಂತಲೋ ‘ಹೋಗಲ್ಲ’ ಅಂತಲೋ ಮುಗಿಸಬಹುದು. ಯೋಚನೆಗೆ ಸಮಯ ಸಿಗುತ್ತದೆ. ಇಂಗ್ಲಿಷಿನಲ್ಲಿ ಎರಡನೇ ಪದಕ್ಕೇ ತೀರ್ಮಾನ ಹೇಳಿಬಿಡಬೇಕು. ನಮ್ಮವರು ‘ಐ…’ ಅಂದು ನಿಂತುಬಿಡುವುದು ಇದಕ್ಕೇ. ಅದು ದಡ್ಡತನ ಅಲ್ಲ. ಮೊದಲ ಸಲ ಹಳಿ ಬದಲಾಗಿದೆ, ಅಷ್ಟೇ.

ಇನ್ನೊಂದು ಕಾರಣ ನಾಚಿಕೆ. ಹಿಂದಿ ಹೇಗೆ ಕಲಿತಿರಿ, ನೆನಪು ಮಾಡಿಕೊಳ್ಳಿ. ಯಾರಾದರೂ ಪಾಠ ಮಾಡಿದರಾ? ತರಕಾರಿಯವನ ಹತ್ತಿರ, ಟಿಕೆಟ್ ಕಿಟಕಿಯಲ್ಲಿ, ಪಕ್ಕದ ಮನೆಯವರ ಹತ್ತಿರ ತಪ್ಪು ತಪ್ಪಾಗಿ ಮಾತಾಡಿ ಕಲಿತಿರಿ. ಹಿಂದಿಯ ಚಾಯ್ ಗಂಡೋ ಹೆಣ್ಣೋ ನೋಡದೆ ಎಷ್ಟೋ ವರ್ಷ ‘ಚಾಯ್ ಆ ಗಯಾ’ ಅಂದೆ. ಗಿರಾಕಿಗಳು ಕುಡಿದರು, ದುಡ್ಡು ಕೊಟ್ಟರು, ಹೋದರು. ಅದೇ ಇಂಗ್ಲಿಷಿನಲ್ಲಿ ಒಂದು ‘ಈಸ್’ ತಪ್ಪಿದರೆ ಶಾಲೆಯ ಕೆಂಪು ಇಂಕು ಕಣ್ಣ ಮುಂದೆ ಬರುತ್ತದೆ. ಹಿಂದಿಯನ್ನು ಬಾಯಿಂದ ಕಲಿತೆವು, ಇಂಗ್ಲಿಷನ್ನು ಪರೀಕ್ಷೆಯಿಂದ. ನನ್ನ ಕ್ಲಾಸಿನಲ್ಲಿ ಮೊದಲ ತಿಂಗಳು ಯಾರ ತಪ್ಪನ್ನೂ ತಿದ್ದುವುದಿಲ್ಲ. ಮೊದಲು ಬಾಯಿ ಬಿಡಲಿ.

ಇಂಗ್ಲಿಷಿನ ಪರವಾಗಿಯೂ ಒಂದು ಮಾತು. ಮರಾಠಿಯಲ್ಲಿ ಕುರ್ಚಿ ಹೆಣ್ಣು, ಪಂಖ ಗಂಡು, ಮನೆ ನಪುಂಸಕ. ಪ್ರತಿಯೊಂದನ್ನೂ ನೆನಪಿಟ್ಟುಕೊಳ್ಳಬೇಕು. ಇಂಗ್ಲಿಷಿನಲ್ಲಿ ಆ ಕಾಟ ಇಲ್ಲವೇ ಇಲ್ಲ. ಕನ್ನಡದಲ್ಲಿ ಹೋದೆ, ಹೋದೆವು, ಹೋದ, ಹೋದಳು, ಹೋದರು, ಹೋಯಿತು, ಹೋದವು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಸೇರಿ ಒಂದೇ ‘ವೆಂಟ್’. ಏಳನ್ನು ತಪ್ಪದೆ ಹೇಳುವ ನಿಮಗೆ ಒಂದು ಕಷ್ಟವಾ?

ಎಷ್ಟು ದಿನ ಬೇಕು? ಮೂವತ್ತು ದಿನದಲ್ಲಿ ಕಲಿಸ್ತೇವೆ ಅಂತ ಬೋರ್ಡ್ ಹಾಕ್ತಾರಲ್ಲ?

ಬೋರ್ಡ್ ಹಾಕುವವರು ಹಾಕುತ್ತಾರೆ. ಅಮೆರಿಕ ಸರ್ಕಾರ ವಿದೇಶಕ್ಕೆ ಕಳಿಸುವ ತನ್ನ ಅಧಿಕಾರಿಗಳಿಗೆ ಹಿಂದಿ, ತಮಿಳು, ತೆಲುಗು ಕಲಿಸಲು ಇಟ್ಟಿರುವ ಲೆಕ್ಕ 44 ವಾರ, 1100 ಗಂಟೆಯ ಕ್ಲಾಸು. ಅದೂ ಸಂಬಳ ಕೊಟ್ಟು, ಕಲಿಯುವುದೇ ಕೆಲಸ ಅಂತ ಕೂರಿಸಿ. ಅವರಿಗೆ ನಮ್ಮ ಭಾಷೆ ಎಷ್ಟು ದೂರವೋ ನಮಗೆ ಅವರದ್ದೂ ಹೆಚ್ಚುಕಡಿಮೆ ಅಷ್ಟೇ ದೂರ. ಜರ್ಮನಿಯ ಕಿಟ್ಟೆಲ್ ನಮ್ಮ ದೇಶಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ತಪಸ್ಸು ನಮಗೆ ಬೇಡ ಬಿಡಿ.

ಆದರೆ ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ಟಿಕೆಟ್, ಪ್ಲಾಟ್‌ಫಾರಂ, ಫಾಸ್ಟ್, ಸ್ಲೋ, ಬಿಲ್ಲು, ಪಾರ್ಸೆಲ್, ಡಿಪಾಸಿಟ್, ಸೊಸೈಟಿ, ಲಿಫ್ಟ್, ಮೀಟರ್… ಹೀಗೆ ನೂರಾರು ಪದ ಈಗಾಗಲೇ ನಿಮ್ಮ ಜೇಬಿನಲ್ಲಿವೆ. ದಿನಕ್ಕೆ ಒಂದು ಗಂಟೆ ಬಿಡದೆ ಕೂತರೆ ಆರು ತಿಂಗಳಲ್ಲಿ ಹೆದರಿಕೆ ಹೋಗುತ್ತದೆ, ಎರಡು ವರ್ಷದಲ್ಲಿ ಕೆಲಸ ಸಾಗುತ್ತದೆ. ನಾನು ನೋಡಿದ ಲೆಕ್ಕ ಇದು.

ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿಗೆ ತಿರುಗಿಸಿ ಮಾತಾಡೋದು ತಪ್ಪಾ?

ತಪ್ಪಲ್ಲ. ಶುರುವಿನಲ್ಲಿ ಬೇರೆ ದಾರಿಯೂ ಇಲ್ಲ. ‘ಇಂಗ್ಲಿಷಿನಲ್ಲೇ ಯೋಚಿಸಿ’ ಅನ್ನುವ ಸಲಹೆ, ಈಜು ಬಾರದವನಿಗೆ ‘ನೀರಲ್ಲೇ ಉಸಿರಾಡು’ ಅಂದ ಹಾಗೆ. ಎಲ್ಲಿ ತಿರುಗಿಸಲು ಆಗುವುದಿಲ್ಲ ಅನ್ನುವುದನ್ನು ಮಾತ್ರ ತಿಳಿದಿರಬೇಕು.

ಹೊರಡುವಾಗ ನಾವು ‘ಹೋಗ್ತೇನೆ’ ಅನ್ನುವುದಿಲ್ಲ, ‘ಬರ್ತೇನೆ’ ಅನ್ನುತ್ತೇವೆ. ಹೋಗ್ತೇನೆ ಅಂದರೆ ಅಮ್ಮ ಬೈಯುತ್ತಾಳೆ. ನನ್ನ ಮೊದಲ ಆಫೀಸಿನಲ್ಲಿ ಸಂಜೆ ಆರಕ್ಕೆ ಮ್ಯಾನೇಜರ್ ಹತ್ತಿರ ‘ಐ ವಿಲ್ ಕಮ್, ಸರ್’ ಅಂದು ಹೊರಟೆ. ಪಾಪ, ಅವರು ಏಳೂವರೆ ತನಕ ನನ್ನನ್ನು ಕಾದರು.

ನಮ್ಮಲ್ಲಿ ‘ಹ್ಯಾವ್’ ಅನ್ನುವ ಪದವೇ ಇಲ್ಲ, ಗಮನಿಸಿದ್ದೀರಾ? ನನಗೆ ಇಬ್ಬರು ಮಕ್ಕಳಿದ್ದಾರೆ, ನನ್ನ ಹತ್ತಿರ ದುಡ್ಡಿದೆ, ನನಗೆ ಜ್ವರ ಬಂದಿದೆ. ಮಕ್ಕಳು, ದುಡ್ಡು, ಜ್ವರ ಎಲ್ಲ ತಾವಾಗಿ ಬಂದು ನಮ್ಮ ಪಕ್ಕ ನಿಲ್ಲುತ್ತವೆ. ಹಿಂದಿ, ಮರಾಠಿಯಲ್ಲೂ ಹಾಗೇ. ಇಂಗ್ಲಿಷಿನವನು ಮಾತ್ರ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಜ್ವರವನ್ನೂ ಸಹ: ಐ ಹ್ಯಾವ್ ಎ ಫೀವರ್. ಆದ್ದರಿಂದ ‘ನನಗೆ’ ಅಂತ ಶುರುವಾಗುವ ವಾಕ್ಯ ಬಾಯಿಗೆ ಬಂದಾಗಲೆಲ್ಲ ಒಂದು ಕ್ಷಣ ನಿಲ್ಲಿ. ‘ಟು ಮಿ’ ಅಂತ ಹೊರಟರೆ ಗುಂಡಿಗೆ ಬಿದ್ದಂತೆ. ನನಗೆ ಗೊತ್ತು ಅಂದರೆ ‘ಐ ನೋ’, ನನಗೆ ಬೇಕು ಅಂದರೆ ‘ಐ ವಾಂಟ್’, ನನಗೆ ಹಸಿವಾಗಿದೆ ಅಂದರೆ ‘ಐ ಆಮ್ ಹಂಗ್ರಿ’. ಹಾಗೆಂದು ‘ಐ ಆಮ್ ನೋಯಿಂಗ್’ ಅನ್ನಬೇಡಿ. ಗೊತ್ತಿರುವುದು, ಬೇಕಾಗಿರುವುದು, ಇಷ್ಟವಾಗುವುದು ಇವುಗಳಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಆ ‘ಇಂಗ್’ ಬಾಲ ಹಚ್ಚುವುದಿಲ್ಲ.

‘ನೀವು ಎಷ್ಟನೇ ಮಗ?’ ಅಂತ ಇಂಗ್ಲಿಷಿನಲ್ಲಿ ಹೇಗೆ ಕೇಳೋದು?

ನೇರವಾಗಿ ಕೇಳಲು ಆಗುವುದಿಲ್ಲ. ‘ಎಷ್ಟನೇ’ಗೆ ಇಂಗ್ಲಿಷಿನಲ್ಲಿ ಒಂದು ಪದ ಇಲ್ಲ. ‘ನೀವೇ ದೊಡ್ಡವರಾ?’ ಅಂತ ಸುತ್ತಿ ಬಳಸಿ ಕೇಳಬೇಕು. ಇಂಗ್ಲಿಷಿಗೂ ಕೆಲವು ಕಡೆ ಬಡತನ ಇದೆ, ಸಮಾಧಾನ ಮಾಡಿಕೊಳ್ಳಿ.

ಅಮ್ಮನಿಗೆ, ಬಾಸಿಗೆ ‘ಶಿ’ ಅನ್ನೋಕೆ ಮನಸ್ಸು ಬರಲ್ಲ. ಏಕವಚನ ಅಲ್ವಾ?

ಈ ಪ್ರಶ್ನೆ ಕೇಳಿದ ಹೆಣ್ಣುಮಗಳು ನನಗೆ ತುಂಬ ಇಷ್ಟವಾದಳು. ಆಕೆ ‘ಮೈ ಮದರ್ ಇನ್ ಲಾ ಇಸ್ ಕಮಿಂಗ್, ದೇ ಆರ್ ವೆರಿ ಓಲ್ಡ್’ ಅಂದಿದ್ದಳು. ಕೇಳಿದವರು ‘ಎಷ್ಟು ಜನ ಬರ್ತಿದ್ದಾರೆ?’ ಅಂತ ಕೇಳಿದರಂತೆ. ತಲೆಯಲ್ಲಿ ಇದ್ದದ್ದು ‘ಅವರು’. ಬಾಯಿಗೆ ಬಂದದ್ದು ‘ದೇ’.

‘ಶಿ’ ಅಂದರೆ ‘ಅವಳು’ ಅಂತ ಶಾಲೆಯಲ್ಲಿ ಹೇಳಿಕೊಟ್ಟದ್ದೇ ಇದಕ್ಕೆಲ್ಲ ಮೂಲ. ‘ಶಿ’ಯೊಳಗೆ ಅವಳೂ ಇದ್ದಾಳೆ, ಗೌರವದ ಅವರೂ ಇದ್ದಾರೆ. ‘ಯು’ ಒಳಗೆ ನೀನು, ನೀವು, ತಾವು ಮೂವರೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ.

ಹಾಗಾದರೆ ಗೌರವ ಎಲ್ಲಿ ಹೋಯಿತು? ಬೇರೆ ಕಡೆ ಹೋಗಿದೆ. ನಾವು ‘ನೀರು ಕೊಡಿ’ ಅಂದರೆ ಆ ‘ಇ’ಯಲ್ಲೇ ಮರ್ಯಾದೆ ಇದೆ. ದಯವಿಟ್ಟು ಅಂತ ಯಾರೂ ಹೋಟೆಲಿನಲ್ಲಿ ಹೇಳುವುದಿಲ್ಲ, ಹೇಳಿದರೆ ನಗು ಬರುತ್ತದೆ. ಇದನ್ನೇ ‘ಗಿವ್ ವಾಟರ್’ ಅಂದಾಗ ಆ ‘ಇ’ ಉದುರಿ ಹೋಗಿ ಬರೀ ಅಪ್ಪಣೆ ಉಳಿಯುತ್ತದೆ. ಕೇಳಿದವರಿಗೆ ಒರಟಾಗಿ ಕಾಣುತ್ತದೆ. ಆ ‘ಇ’ ಜಾಗಕ್ಕೆ ಇಂಗ್ಲಿಷಿನವರು ‘ಕುಡ್ ಯು’, ‘ವುಡ್ ಯು’, ‘ಪ್ಲೀಸ್’ ಹಾಕುತ್ತಾರೆ. ನಮ್ಮವರು ಸೊಕ್ಕಿನವರು ಅಂತ ಎಷ್ಟೋ ಆಫೀಸುಗಳಲ್ಲಿ ಹೆಸರು ಬಂದಿರುವುದು ಈ ಒಂದು ಪ್ಲೀಸ್ ಬಿಟ್ಟು ಹೋದದ್ದಕ್ಕೆ. ಸೊಕ್ಕು ಇರಲಿಲ್ಲ, ಅನುವಾದ ಇತ್ತು.

‘ಹೌದು’ ಅನ್ನಬೇಕಾದ ಕಡೆ ‘ನೋ’ ಅನ್ನಬೇಕು ಅಂತಾರೆ. ಏನಿದು?

‘ನಾಳೆ ಬರಲ್ವಾ?’ ಅಂದರೆ ನಾವು ‘ಹೂಂ, ಬರಲ್ಲ’ ಅನ್ನುತ್ತೇವೆ. ನೀನು ಹೇಳಿದ್ದು ಸರಿ ಅನ್ನುವುದಕ್ಕೆ ಹೂಂ. ಇಂಗ್ಲಿಷಿನವನಿಗೆ ನೀವು ಅವನ ಮಾತನ್ನು ಒಪ್ಪುತ್ತೀರೋ ಬಿಡುತ್ತೀರೋ ಬೇಕಾಗಿಲ್ಲ. ಬರುತ್ತೀರಾದರೆ ‘ಯೆಸ್’, ಬರುವುದಿಲ್ಲವಾದರೆ ‘ನೋ’. ನಮ್ಮ ಒಬ್ಬ ಹುಡುಗನಿಗೆ ಆಫೀಸಿನಲ್ಲಿ ‘ಯು ಆರ್ ನಾಟ್ ಕಮಿಂಗ್ ಆನ್ ಸ್ಯಾಟರ್‌ಡೇ?’ ಅಂತ ಕೇಳಿದರು. ಅವನು ಸಂತೋಷದಿಂದ ‘ಯೆಸ್’ ಅಂದ. ಶನಿವಾರದ ಡ್ಯೂಟಿ ಪಟ್ಟಿಯಲ್ಲಿ ಅವನದ್ದೇ ಮೊದಲ ಹೆಸರು.

ಸುಲಭದ ಉಪಾಯ ಒಂದಿದೆ. ಬರೀ ಯೆಸ್, ನೋ ಹೇಳಬೇಡಿ. ‘ನೋ, ಐ ಆಮ್ ನಾಟ್’ ಅಂತ ಪೂರ್ತಿ ಹೇಳಿ.

ಡೂ, ಡಸ್, ಡಿಡ್ ಯಾಕೆ ಬೇಕು? ಅರ್ಥವೇ ಇಲ್ವಲ್ಲ?

ಅರ್ಥ ಇಲ್ಲ, ಕೆಲಸ ಇದೆ. ಕನ್ನಡದಲ್ಲಿ ಪ್ರಶ್ನೆ ಕೇಳಲು ಕೊನೆಗೊಂದು ‘ಆ’ ಸಾಕು: ಬರ್ತೀರಿ, ಬರ್ತೀರಾ. ಇಂಗ್ಲಿಷಿನ ಕ್ರಿಯಾಪದ ಒಂಟಿಯಾಗಿ ಪ್ರಶ್ನೆ ಕೇಳಲಾರದು, ‘ಇಲ್ಲ’ ಅನ್ನಲಾರದು. ಅದಕ್ಕೊಬ್ಬ ಹಮಾಲಿ ಬೇಕು. ಅವನೇ ‘ಡೂ’. ಹಮಾಲಿ ತಲೆ ಮೇಲೆ ಪೆಟ್ಟಿಗೆ ಹೊತ್ತ ಮೇಲೆ ಯಜಮಾನ ಖಾಲಿ ಕೈಯಲ್ಲಿ ನಡೆಯುತ್ತಾನೆ ಅಲ್ವಾ? ಹಾಗೇ ಭೂತಕಾಲದ ಭಾರವನ್ನು ‘ಡಿಡ್’ ಹೊತ್ತ ಮೇಲೆ ಇನ್ನೊಂದು ಪದ ಹೊರಬಾರದು. ‘ಡಿಡ್ ಯು ಗೋ’ ಸರಿ, ‘ಡಿಡ್ ಯು ವೆಂಟ್’ ಅಂದರೆ ಇಬ್ಬರೂ ಒಂದೊಂದು ಪೆಟ್ಟಿಗೆ ಹೊತ್ತಂತೆ. ಕ್ಲಾಸಿನಲ್ಲಿ ಈಗ ಯಾರಾದರೂ ‘ಡಿಡ್ ನಾಟ್ ವೆಂಟ್’ ಅಂದರೆ ಉಳಿದವರು ‘ಎರಡು ಪೆಟ್ಟಿಗೆ!’ ಅಂತ ಕೂಗುತ್ತಾರೆ.

ಎ, ಆ್ಯನ್, ದ ಎಲ್ಲಿ ಹಾಕಬೇಕು ಅಂತ ಯಾವತ್ತೂ ತಿಳಿಯಲ್ಲ.

‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಹೆಂಡತಿಯರು.’ ಅಜ್ಜಿ ಹೀಗೇ ಕತೆ ಶುರು ಮಾಡುತ್ತಿದ್ದಳು ಅಲ್ವಾ? ಮೊದಲ ಸಲ ‘ಒಬ್ಬ’, ಎರಡನೇ ಸಲ ‘ಆ’. ಅಜ್ಜಿಗೆ ಇಂಗ್ಲಿಷಿನ ಈ ನಿಯಮ ಗೊತ್ತಿತ್ತು! ಕೇಳುವವರಿಗೆ ಹೊಸದಾದರೆ ‘ಎ’. ಯಾವುದು ಅಂತ ಇಬ್ಬರಿಗೂ ಗೊತ್ತಿದ್ದರೆ ‘ದ’.

ಇನ್ನೊಂದು ಗುಟ್ಟು ನಮ್ಮ ‘ಅನ್ನು’ವಿನಲ್ಲಿದೆ. ‘ಪುಸ್ತಕ ಓದಿದೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಓದಿದೆ’ ಅಂದರೆ ಆ ಪುಸ್ತಕ, ನಿನಗೂ ಗೊತ್ತಿರುವುದು. ಎಲ್ಲ ಕಡೆ ಇದು ನಡೆಯುವುದಿಲ್ಲ, ಆದರೆ ಮಾತಿನಲ್ಲಿ ಬಹಳ ಸಲ ‘ಅನ್ನು’ ಬಂದ ಕಡೆ ‘ದ’ ಬರುತ್ತದೆ. ಪ್ರಯತ್ನ ಮಾಡಿ ನೋಡಿ.

‘ಎ’ ಮತ್ತು ‘ಆ್ಯನ್’ ಕಿವಿಯ ವಿಷಯ, ಕಣ್ಣಿನದ್ದಲ್ಲ. ‘ಎ ಯೂನಿವರ್ಸಿಟಿ’, ಯಾಕೆಂದರೆ ಕೇಳುವುದು ‘ಯ’. ‘ಆ್ಯನ್ ಅವರ್’, ಯಾಕೆಂದರೆ ಅಲ್ಲಿ ಎಚ್ ಬಾಯಿ ಮುಚ್ಚಿಕೊಂಡಿದೆ. ಊರಿನ ಹೆಸರಿಗೆ ಏನೂ ಬೇಡ, ಸಮುದ್ರಕ್ಕೆ ‘ದ’ ಬೇಕು. ಮುಂಬಯಿ ಬರೀ ಮುಂಬಯಿ, ಅದರ ಪಕ್ಕದ್ದು ದ ಅರೇಬಿಯನ್ ಸೀ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ತಪ್ಪಿದರೂ ಅರ್ಥ ಕೆಡುವುದು ಅಪರೂಪ.

ಬರೆಯೋದು ಒಂದು, ಓದೋದು ಇನ್ನೊಂದು. ಸ್ಪೆಲ್ಲಿಂಗ್ ಯಾಕೆ ಹೀಗಿದೆ?

ಓ, ಯು, ಜಿ, ಎಚ್. ಈ ನಾಲ್ಕು ಅಕ್ಷರ ಸೇರಿ ಒಂದು ಕಡೆ ‘ದೋ’, ಒಂದು ಕಡೆ ‘ಥ್ರೂ’, ಇನ್ನೊಂದು ಕಡೆ ‘ಟಫ್’, ಮತ್ತೊಂದು ಕಡೆ ‘ಕಾಫ್’. ಬರೆದಂತೆ ಓದುವ ನಮಗೆ ಇದು ಮೋಸ ಅನ್ನಿಸುತ್ತದೆ.

ಮೋಸ ಅಲ್ಲ, ಚರಿತ್ರೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಪುಸ್ತಕ ಅಚ್ಚಾಗುತ್ತಾ ಹೋದಂತೆ ಸ್ಪೆಲ್ಲಿಂಗ್ ಗಟ್ಟಿಯಾಗತೊಡಗಿತು. ಅದೇ ಹೊತ್ತಿಗೆ ಜನರ ಬಾಯಲ್ಲಿ ಸ್ವರಗಳು ಜಾಗ ಬದಲಾಯಿಸುತ್ತಿದ್ದವು. ಸುಮಾರು 1400ರಿಂದ 1700ರ ತನಕ ನಡೆದ ಬದಲಾವಣೆ ಅದು. ಕಾಗದ ಅಲ್ಲೇ ನಿಂತಿತು, ನಾಲಿಗೆ ಮುಂದೆ ಹೋಯಿತು. ‘ನೈಫ್’ನಲ್ಲಿ ಮೊದಲಿಗೆ ಬರುವ ‘ಕೆ’ಯನ್ನು ಹಿಂದೆ ನಿಜವಾಗಿಯೂ ಹೇಳುತ್ತಿದ್ದರು, ‘ಕ್ನೀಫ್’ ಅಂತ. ಈಗ ಅದು ಪೆನ್ಶನ್ ತೆಗೆದುಕೊಂಡು ಮನೆಯಲ್ಲಿ ಕೂತ ಅಕ್ಷರ.

ಕೆಲವು ಅಕ್ಷರಗಳು ಪಂಡಿತರ ಕಿತಾಪತಿ. ಸಾಲ ಅನ್ನುವ ಅರ್ಥದ ‘ಡೆಟ್’ ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಇದೆ ಅಂತ ಪಂಡಿತರು ಆಮೇಲೆ ತುರುಕಿದರು. ‘ಐಲ್ಯಾಂಡ್’ನ ‘ಎಸ್’ ಕೂಡ ಹೀಗೇ, ಲ್ಯಾಟಿನ್ ಪದದ ಜೊತೆ ಇಲ್ಲದ ನೆಂಟಸ್ತನ ಕಲ್ಪಿಸಿ ಸೇರಿಸಿದ್ದು. ನೋವಾ ವೆಬ್‌ಸ್ಟರ್ 1828ರ ತನ್ನ ಅಮೆರಿಕನ್ ನಿಘಂಟಿನಲ್ಲಿ ‘ಕಲರ್’ನಂಥ ಪದಗಳಿಂದ ‘ಯು’ ಕಿತ್ತುಹಾಕಿದ. ನಿಮ್ಮ ಫೋನು ಒಮ್ಮೊಮ್ಮೆ ಸರಿಯಾದ ಸ್ಪೆಲ್ಲಿಂಗಿಗೂ ಕೆಂಪು ಗೆರೆ ಎಳೆಯುವುದಕ್ಕೆ ಈ ಬ್ರಿಟನ್, ಅಮೆರಿಕ ಜಗಳವೂ ಒಂದು ಕಾರಣ. ಸೆಟ್ಟಿಂಗಿನಲ್ಲಿ ಬದಲಾಯಿಸಿಕೊಳ್ಳಿ.

ನಮ್ಮದೂ ಅಷ್ಟೇನೂ ಸಾಚಾ ಅಲ್ಲ. ಪಕ್ಕದ ಮನೆಯ ಮರಾಠಿ ಹುಡುಗ ನನ್ನ ಹತ್ತಿರ ಕನ್ನಡ ಕಲಿಯಲು ಬಂದಿದ್ದ. ‘ಬರೆಯುವುದು ಹೋಗುತ್ತೇನೆ. ನೀವು ಹೋಗ್ತೆ ಅಂತೀರಿ, ಬೆಂಗಳೂರಿನವರು ಹೋಗ್ತೀನಿ, ಹುಬ್ಬಳ್ಳಿಯವರು ಹೋಗ್ತೀನ್ರಿ. ಯಾವುದು ಸರಿ?’ ಅಂದ. ನಾನು ಚಹಾ ಮಾಡಲು ಒಳಗೆ ಹೋದೆ.

ಬಾಯಿ ತೆರೆದ ಕೂಡಲೇ ‘ನೀವು ಸೌತಾ?’ ಅಂತಾರೆ. ಉಚ್ಚಾರ ಸರಿ ಮಾಡೋದು ಹೇಗೆ?

ಸೌತ್ ಅಂತ ಗೊತ್ತಾದರೆ ಏನು ನಷ್ಟ? ಪಂಜಾಬಿಯ ಇಂಗ್ಲಿಷಿನಲ್ಲಿ ಪಂಜಾಬ್ ಇರುತ್ತದೆ, ಗುಜರಾತಿಯದ್ದರಲ್ಲಿ ಗುಜರಾತ್. ಅರ್ಥ ಕೆಡಿಸುವ ಉಚ್ಚಾರ ಮಾತ್ರ ತಿದ್ದಿಕೊಳ್ಳಿ.

ಮುಂಬಯಿಯಲ್ಲಿ ದಿನಾ ಬೇಕಾಗುವ ಎರಡು ಪದ ನೋಡಿ, ಈಸ್ಟ್ ಮತ್ತು ವೆಸ್ಟ್. ಪದದ ಮೊದಲು ಇ, ಎ ಬಂದರೆ ನಮ್ಮ ನಾಲಿಗೆ ಒಂದು ‘ಯ’ ಸೇರಿಸುತ್ತದೆ. ಎಲ್ಲಿ ಅನ್ನುವುದು ‘ಯೆಲ್ಲಿ’, ಎಂ ಅನ್ನುವುದು ‘ಯೆಂ’. ಹಾಗೆ ಈಸ್ಟ್ ಹೋಗಿ ‘ಯೀಸ್ಟ್’ ಆದರೆ ಅದು ಬ್ರೆಡ್ ಉಬ್ಬಿಸುವ ಪುಡಿ. ವೆಸ್ಟಿನದ್ದು ಬೇರೆ ಕತೆ. ನಮಗಿರುವುದು ಒಂದೇ ‘ವ’, ಅವರಿಗೆ ಎರಡು. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ಒಂದು, ತುಟಿ ಗುಂಡಗೆ ಮಾಡಿ ಹಲ್ಲು ತಾಗಿಸದೆ ಹೇಳಿದರೆ ಇನ್ನೊಂದು. ಹಲ್ಲು ತಾಗಿಸಿ ‘ಅಂಧೇರಿ ವೆಸ್ಟ್’ ಅಂದರೆ ಇಂಗ್ಲೆಂಡಿನವನಿಗೆ ಅಂಧೇರಿಯ ಬನಿಯನ್ ಅಂತ ಕೇಳುತ್ತದೆ. ರಿಕ್ಷಾದವನಿಗೆ ಏನೂ ತೊಂದರೆ ಇಲ್ಲ, ಅವನದ್ದೂ ಒಂದೇ ‘ವ’.

ಇದಕ್ಕಿಂತ ದೊಡ್ಡ ಸಮಸ್ಯೆ ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಾನ ಮರ್ಯಾದೆ. ಇಂಗ್ಲಿಷಿನಲ್ಲಿ ಒಂದು ಭಾಗವನ್ನು ಎತ್ತಿ ಹೇಳಿ ಉಳಿದದ್ದನ್ನು ನುಂಗುತ್ತಾರೆ. ನಾವು ಹೊಟ್ಟೆ ಹೊರೆದ ಪದವೇ ನೋಡಿ. ‘ಹೋಟೆಲ್’ ಅಂತ ಮೊದಲ ಭಾಗವನ್ನು ಒತ್ತುತ್ತೇವೆ. ಅವರು ಒತ್ತುವುದು ಎರಡನೆಯದನ್ನು, ‘ಹೊಟೆಲ್’. ಒತ್ತು ತಪ್ಪಿದರೆ ಅಕ್ಷರ ಎಲ್ಲ ಸರಿಯಿದ್ದರೂ ಎದುರಿನವರು ‘ಸಾರಿ?’ ಅನ್ನುತ್ತಾರೆ. ಹೊಸ ಪದ ಕಲಿಯುವಾಗ ಒತ್ತು ಎಲ್ಲಿ ಅಂತ ಫೋನಿನ ಡಿಕ್ಷನರಿಯಲ್ಲಿ ಕೇಳಿಸಿಕೊಂಡು ಗುರುತು ಹಾಕಿಕೊಳ್ಳಿ.

ಎಷ್ಟು ಪದ ಗೊತ್ತಿರಬೇಕು?

ಮೈಕೆಲ್ ವೆಸ್ಟ್ ಅಂತ ಒಬ್ಬ ಇಂಗ್ಲಿಷ್ ಮೇಷ್ಟ್ರು ಢಾಕಾದಲ್ಲಿ ಕೆಲಸ ಮಾಡಿದ್ದರು. ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುವ ಕಷ್ಟ ಹತ್ತಿರದಿಂದ ನೋಡಿದವರು. 1953ರಲ್ಲಿ ಅವರು ಜಾಸ್ತಿ ಬಳಕೆಯ ಸುಮಾರು 2000 ಪದಗಳ ಪಟ್ಟಿ ಹೊರತಂದರು. ಸಾಮಾನ್ಯ ಬರಹದಲ್ಲಿ ನೂರಕ್ಕೆ ಸುಮಾರು 80 ಪದ ಈ ಪಟ್ಟಿಯವೇ. ಅಷ್ಟು ಗಟ್ಟಿ ಮಾಡಿ. ಉಳಿದ 20 ನಿಮ್ಮ ನಿಮ್ಮ ಕೆಲಸದ್ದು. ಬ್ಯಾಂಕಿನವರಿಗೆ ಬ್ಯಾಂಕಿನ ಪದ, ನರ್ಸಿಗೆ ಆಸ್ಪತ್ರೆಯ ಪದ.

ನಮ್ಮ ಆಫೀಸಿನ ಇಂಗ್ಲಿಷ್ ತಪ್ಪಂತೆ, ಹೌದಾ?

ಕೆಲವು ನಮ್ಮ ದೇಶದ ಇಂಗ್ಲಿಷ್. ನಿಗದಿಗಿಂತ ಮೊದಲೇ ಇಡುವುದಕ್ಕೆ ಹೇಳುವ ‘ಪ್ರಿಪೋನ್’ ಹೆಚ್ಚಾಗಿ ನಮ್ಮಲ್ಲೇ ಬಳಸುವ ಪದ, ಈಗ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ. ‘ಕಸಿನ್ ಬ್ರದರ್’, ‘ಔಟ್ ಆಫ್ ಸ್ಟೇಷನ್’ ನಮ್ಮೊಳಗೆ ಧಾರಾಳವಾಗಿ ಬಳಸಿ. ಹೊರದೇಶದವರ ಜೊತೆ ಮಾತ್ರ ಜೋಪಾನ. ‘ಐ ಪಾಸ್ಡ್ ಔಟ್ ಇನ್ 2015’ ಅಂದರೆ ಅವರಿಗೆ ನೀವು 2015ರಲ್ಲಿ ಮೂರ್ಛೆ ಹೋದಿರಿ ಅಂತ ಅರ್ಥ.

ನನಗೆ ಪೆಟ್ಟು ಕೊಟ್ಟದ್ದು ‘ಡೌಟ್’. ಒಂದು ಮೀಟಿಂಗಿನಲ್ಲಿ ಲಂಡನ್ನಿನ ಹೆಂಗಸೊಬ್ಬರು ಲೆಕ್ಕ ವಿವರಿಸುತ್ತಿದ್ದರು. ನಾನು ಕೈ ಎತ್ತಿ ‘ಐ ಹ್ಯಾವ್ ಎ ಡೌಟ್’ ಅಂದೆ. ಅವರ ಮುಖ ಕೆಂಪಾಯಿತು. ನಮಗೆ ಡೌಟ್ ಅಂದರೆ ಪ್ರಶ್ನೆ. ಅವರಿಗೆ ಅಪನಂಬಿಕೆ. ಲೆಕ್ಕದ ಮೇಲೆ ಅನುಮಾನ ಪಟ್ಟೆ ಅಂತ ತಿಳಿದು ಇನ್ನೊಮ್ಮೆ ಮೊದಲಿಂದ ವಿವರಿಸಿದರು. ನನಗೆ ಬೇಕಾಗಿದ್ದದ್ದು ಎರಡನೇ ಪುಟದ ಝೆರಾಕ್ಸ್ ಅಷ್ಟೇ.

ಮಿಲಿಯನ್, ಬಿಲಿಯನ್ ಅಂದ್ರೆ ಎಷ್ಟು?

1 ಮಿಲಿಯನ್ ಅಂದರೆ 10 ಲಕ್ಷ. 10 ಮಿಲಿಯನ್ 1 ಕೋಟಿ. 1 ಬಿಲಿಯನ್ 100 ಕೋಟಿ. ಕಾಮಾ ಕೂಡ ಬೇರೆ: ನಾವು 1,00,000 ಬರೆಯುತ್ತೇವೆ, ಅವರು 100,000. ಲೆಕ್ಕಪತ್ರದ ಕೆಲಸದವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಫಾರಂನಲ್ಲಿ ‘ಸರ್‌ನೇಮ್’ ಕೇಳ್ತಾರೆ. ನಮಗೆ ಇಲ್ವಲ್ಲ?

ಕರಾವಳಿಯವರಿಗೆ, ಉತ್ತರ ಕರ್ನಾಟಕದವರಿಗೆ ಈ ತಲೆನೋವು ಕಡಿಮೆ. ಮೈಸೂರು ಕಡೆಯವರಿಗೆ ಇನಿಶಿಯಲ್ ಮಾತ್ರ ಇರುತ್ತದೆ, ಮುಂಬಯಿಯಲ್ಲಿ ಅದು ಯಾರಿಗೂ ಅರ್ಥವಾಗುವುದಿಲ್ಲ. ಇನಿಶಿಯಲ್ ಬಿಡಿಸಿ ಬರೆಯಿರಿ. ಊರಿನ ಹೆಸರೋ ಅಪ್ಪನ ಹೆಸರೋ ಯಾವುದಾದರೂ ಒಂದನ್ನು ಕೊನೆಯ ಹೆಸರು ಮಾಡಿಕೊಂಡರೆ ಎಲ್ಲ ಕಾಗದದಲ್ಲೂ ಅದನ್ನೇ ಇಡಿ. ಆಧಾರಿನಲ್ಲಿ ಒಂದು, ಪಾನ್ ಕಾರ್ಡಿನಲ್ಲಿ ಒಂದು ಇದ್ದರೆ ಇಂಗ್ಲಿಷ್ ಎಷ್ಟು ಬಂದರೂ ಪ್ರಯೋಜನ ಇಲ್ಲ.

ಮಗು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿ ಅಂತ ಟೀಚರ್ ಹೇಳಿದ್ರು.

ಬಿಡಬೇಡಿ. ನನಗೆ ಈ ವಿಷಯದಲ್ಲಿ ಸಿಟ್ಟು ಬರುತ್ತದೆ, ಕ್ಷಮಿಸಿ. ನಿಮಗೇ ಸರಿಯಾಗಿ ಬಾರದ ಇಂಗ್ಲಿಷನ್ನು ಮಗುವಿಗೆ ಉಣಿಸಿದರೆ ಅದು ಕಲಿಯುವುದು ನಿಮ್ಮ ತಪ್ಪುಗಳನ್ನು. ಮನೆಯಲ್ಲಿ ಕತೆ, ಬೈಗುಳ, ಮುದ್ದು, ಲೆಕ್ಕ ಎಲ್ಲ ಕನ್ನಡದಲ್ಲೇ ನಡೆಯಲಿ. ಚೆನ್ನಾಗಿ ಮಾತು ಬಂದ ಮಗುವಿಗೆ ಇನ್ನೊಂದು ಭಾಷೆ ಭಾರ ಅಲ್ಲ. ಈ ಊರಿನಲ್ಲಿ ಆರು ವರ್ಷದ ಮಕ್ಕಳು ಆಟದ ನಡುವೆ ಮೂರು ಭಾಷೆ ಬದಲಾಯಿಸುತ್ತಾರೆ, ಕೆಳಗಿನ ಗಲ್ಲಿಗೆ ಹೋಗಿ ನೋಡಿ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮೀಡಿಯಂ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಅಲ್ಲಿ ಓದಿ ಮುಂದೆ ಇಂಗ್ಲಿಷಿನಲ್ಲಿ ಕೆಲಸ ಮಾಡುವವರು ನನ್ನ ಪರಿಚಯದಲ್ಲೇ ಎಷ್ಟೋ ಜನ ಇದ್ದಾರೆ.

ಹೊರದೇಶಕ್ಕೆ ಹೋಗೋಕೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬೇಕಂತೆ. ನಿಮ್ಮ ಕ್ಲಾಸಿನಲ್ಲಿ ಹೇಳಿಕೊಡ್ತೀರಾ?

ಪರೀಕ್ಷೆಗೆ ಅಂತಲೇ ಹೇಳಿಕೊಡುವುದಿಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ಅದರಲ್ಲಿ ನಾಲ್ಕು ಭಾಗ. ಅಂಕ 0ಯಿಂದ 9ರ ತನಕ, ಅರ್ಧ ಅಂಕವೂ ಉಂಟು. ಫಲಿತಾಂಶ ಸಾಮಾನ್ಯವಾಗಿ 2 ವರ್ಷ ನಡೆಯುತ್ತದೆ, ಹಾಗಾಗಿ ತೀರ ಮೊದಲೇ ಬರೆದು ಇಟ್ಟುಕೊಳ್ಳಬೇಡಿ. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಅದಕ್ಕೆ ಬ್ರಿಟಿಷರ ಹಾಗೆ ರಾಗ ಎಳೆಯಬೇಕಾಗಿಲ್ಲ, ಹೇಳಿದ್ದು ಸ್ಪಷ್ಟವಾಗಿ ಅರ್ಥವಾಗಬೇಕು. ನಮ್ಮವರು ಸೋಲುವುದು ಜಾಸ್ತಿ ಬರೆಯುವ ಭಾಗದಲ್ಲಿ. ಬಾಯಿಪಾಠ ಮಾಡಿದ ಪ್ರಬಂಧವನ್ನು ಕಕ್ಕುತ್ತಾರೆ, ಕೇಳಿದ ಪ್ರಶ್ನೆ ಬೇರೆಯೇ ಇರುತ್ತದೆ.

ಫೋನಿನಲ್ಲೇ ಕಲಿಯಬಹುದಲ್ಲ?

ಸಹಾಯಕ್ಕೆ ಆಗುತ್ತದೆ. ಗೂಗಲ್ ಅನುವಾದದಲ್ಲಿ 2011ರಿಂದ ಕನ್ನಡ ಇದೆ, ಈಗ ಮೊದಲಿಗಿಂತ ಎಷ್ಟೋ ವಾಸಿ. ಆದರೆ ಅದು ನಿಮ್ಮ ಬದಲು ಮಾತಾಡುತ್ತದೆ, ನಿಮಗೆ ಮಾತು ಬರಿಸುವುದಿಲ್ಲ. ನನಗೆ ಇಷ್ಟವಾದದ್ದು ಫೋನಿನ ವಾಯ್ಸ್ ಟೈಪಿಂಗ್. ಅದನ್ನು ಇಂಗ್ಲಿಷಿಗೆ ಇಟ್ಟು ಒಂದು ವಾಕ್ಯ ಹೇಳಿ. ನೀವು ಹೇಳಿದ್ದೇ ಪರದೆ ಮೇಲೆ ಬಂದರೆ ಉಚ್ಚಾರ ಪಾಸು. ಬೇರೇನೋ ಬಂದರೆ ಇನ್ನೊಮ್ಮೆ ಹೇಳಿ. ಅದು ನಗುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ.

ಪುಸ್ತಕಕ್ಕೆ ಕಿಂಗ್ಸ್ ಸರ್ಕಲ್ ಅಥವಾ ಫ್ಲೋರಾ ಫೌಂಟನ್ ಫುಟ್‌ಪಾತಿಗೆ ಹೋಗಿ, ಹಳೆಯ ಮಕ್ಕಳ ಪುಸ್ತಕ ಆರಿಸಿ ತನ್ನಿ. ಮಕ್ಕಳದ್ದು ಅಂತ ಸಂಕೋಚ ಬೇಡ. ಬೇಕಾದರೆ ಮಗಳಿಗೆ ಅಂತ ಹೇಳಿ.

ದಿನಾ ಮೂರು ಗಂಟೆ ಟ್ರೇನಿನಲ್ಲೇ ಹೋಗುತ್ತೆ. ಕಲಿಯೋಕೆ ಸಮಯ ಎಲ್ಲಿ?

ಟ್ರೇನೇ ಕ್ಲಾಸು. ಲೋಕಲ್ಲಿನಲ್ಲಿ ಪ್ರತಿ ಸ್ಟೇಷನ್ನಿಗೆ ಮೊದಲು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರೆ. ಪುಢೀಲ ಸ್ಟೇಷನ್, ಅಗಲಾ ಸ್ಟೇಷನ್, ನೆಕ್ಸ್ಟ್ ಸ್ಟೇಷನ್. ಬಂದ ವರ್ಷ ನಾನು ಕಲಿತ ಮೊದಲ ಪೂರ್ತಿ ಇಂಗ್ಲಿಷ್ ಪದ ‘ನೆಕ್ಸ್ಟ್’. ಅರ್ಥ ಯಾರೂ ಹೇಳಿಕೊಡಲಿಲ್ಲ, ಬೋರ್ಡ್ ನೋಡಿದ ಕೂಡಲೇ ಗೊತ್ತಾಯಿತು.

ಕೂರಲು ಜಾಗ ಬೇಕಿಲ್ಲದ ಒಂದು ಅಭ್ಯಾಸ ಹೇಳುತ್ತೇನೆ. ಡೊಂಬಿವಲಿಯಿಂದ ಸ್ಲೋ ಗಾಡಿ ಹಿಡಿದರೆ ಥಾಣೆ ದಾಟಿದ ಮೇಲೆ ಮುಲುಂಡ್, ನಾಹೂರ್, ಭಾಂಡುಪ್ ಅಂತ ಎರಡು ಮೂರು ನಿಮಿಷಕ್ಕೊಂದು ಸ್ಟೇಷನ್. ಪ್ರತಿ ಎರಡು ಸ್ಟೇಷನ್ನಿನ ನಡುವೆ ಎದುರಿಗಿರುವ ಒಬ್ಬರ ಬಗ್ಗೆ ಮನಸ್ಸಿನಲ್ಲೇ ಒಂದು ಇಂಗ್ಲಿಷ್ ವಾಕ್ಯ ಕಟ್ಟಿ. ನಾಹೂರಿನಲ್ಲಿ ‘ಆತ ನಿದ್ದೆ ಮಾಡುತ್ತಿದ್ದಾನೆ’. ಘಾಟ್ಕೋಪರಿನಲ್ಲಿ ‘ಆತ ಭಾಂಡುಪಿನಲ್ಲಿ ಇಳಿಯಬೇಕಿತ್ತು’. ಸಯನ್ ಬರುವಾಗ ‘ಯಾರಾದರೂ ಎಬ್ಬಿಸಿದ್ದರೆ ಆತ ಇಳಿದಿರುತ್ತಿದ್ದ’. ಈ ಕೊನೆಯದು ಕಷ್ಟದ ವಾಕ್ಯ, ಒಂದು ವಾರ ಹಿಡಿಯಬಹುದು. ದಾದರ್ ಬರುವ ಮೊದಲು ನಿಲ್ಲಿಸಿಬಿಡಿ. ಅಲ್ಲಿ ಯಾವ ಭಾಷೆಯಲ್ಲೂ ಯೋಚನೆ ಮಾಡಲು ಆಗುವುದಿಲ್ಲ, ಜನವೇ ನಿಮ್ಮನ್ನು ಇಳಿಸುತ್ತಾರೆ.